ಮಕ್ಕಳ ತಕ್ಕಡಿಗೆ ಹೊಸ ದಂಡ: ಒಂದು ದುರಸ್ತಿಯ ದಾಖಲೆ

ನಮ್ಮ ಶಾಲೆಯ ನಲಿ-ಕಲಿ ಕೋಣೆಯ ಕಪಾಟಿನಲ್ಲಿದ್ದ ಪ್ಲಾಸ್ಟಿಕ್ ತಕ್ಕಡಿಯ ದೋಷ ಮೇಲ್ನೋಟಕ್ಕೆ ಕಾಣುವಂಥದ್ದಾಗಿರಲಿಲ್ಲ. ಖಾಲಿ ಇದ್ದಾಗ ಅದರ ದಂಡ ಸಮನಾಗಿಯೇ ನಿಲ್ಲುತ್ತಿತ್ತು. ಎರಡೂ ಬಟ್ಟಲುಗಳಿಗೆ ಒಂದೊಂದು ಹಿಡಿ ಕಡಲೆ ಹಾಕಿದರೆ ಮಾತ್ರ, ದಂಡ ಮೊದಲು ಯಾವ ಕಡೆಗೆ ವಾಲಿತೋ ಆ ಕಡೆಗೇ ಪೂರ್ತಿ ಬಿದ್ದು ಅಲ್ಲಿಯೇ ಉಳಿಯುತ್ತಿತ್ತು. ಬೆರಳಿನಿಂದ ಇನ್ನೊಂದು ಬಟ್ಟಲನ್ನು ಒತ್ತಿದರೆ ಆ ಬದಿಗೆ ಬಿದ್ದು ಅಲ್ಲಿಯೂ ಹಾಗೆಯೇ ಕೂರುತ್ತಿತ್ತು. ಎರಡನೆಯ ತರಗತಿಯ ಹುಡುಗಿಯೊಬ್ಬಳು ಹಾಗೆ ಒತ್ತಿ ನೋಡಿ, “ಅಕ್ಕೋರ, ಈಗ ಈ ಕಡಿದು ವಜ್ಜ ಆತು ನೋಡ್ರಿ” ಎಂದಳು. ಅವಳು ಕಂಡದ್ದನ್ನು ಕಂಡಂತೆಯೇ ಹೇಳಿದ್ದಳು. ಕೈಯಿಂದ ಮುಟ್ಟಿದರೆ ವಸ್ತುವಿನ ತೂಕ ಬದಲಾಗುತ್ತದೆ ಎಂಬ ಪಾಠವನ್ನು ಅವಳಿಗೆ ಕಲಿಸಿದ್ದು ಆ ಉಪಕರಣ.

ಇದನ್ನು ಸಣ್ಣ ವಿಷಯವೆಂದು ಬಿಡಲು ನನ್ನಿಂದ ಆಗಲಿಲ್ಲ. ಬ್ಯಾಡಗಿ ತಾಲ್ಲೂಕಿನ ನಮ್ಮ ಮಕ್ಕಳು ತೂಕದ ನಡುವೆಯೇ ಬೆಳೆಯುತ್ತಾರೆ. ಕಡ್ಡಿ ಮತ್ತು ಡಬ್ಬಿ ಮೆಣಸಿನಕಾಯಿಯ ಚೀಲಗಳು ಮನೆಯ ಪಡಸಾಲೆಯಲ್ಲಿ ಇರುತ್ತವೆ, ಅಪ್ಪನ ಜೊತೆ ಮಾರುಕಟ್ಟೆಗೆ ಹೋದಾಗ ಚೀಲ ತೂಗುವುದನ್ನು ನೋಡುತ್ತಾರೆ. ಆದರೆ ಈಗ ಮಾರುಕಟ್ಟೆಯಲ್ಲಿಯೂ ಕಿರಾಣಿ ಅಂಗಡಿಯಲ್ಲಿಯೂ ಇರುವುದು ಎಲೆಕ್ಟ್ರಾನಿಕ್ ಕಾಟಾ. ಅದರಲ್ಲಿ ಮಕ್ಕಳಿಗೆ ಕಾಣುವುದು ಕೆಂಪು ಅಂಕಿ ಮಾತ್ರ. ಅಂಕಿಯನ್ನು ಓದಲು ಇನ್ನೂ ಕಲಿಯುತ್ತಿರುವ ಆರು ವರ್ಷದ ಮಗುವಿಗೆ ಆ ಅಂಕಿಯ ಹಿಂದೆ ಎರಡು ವಸ್ತುಗಳ ಹೋಲಿಕೆ ಇದೆ ಎಂಬುದು ತಿಳಿಯುವ ದಾರಿಯೇ ಇಲ್ಲ. ಆದ್ದರಿಂದ ತಕ್ಕಡಿಯೊಂದು ಕೋಣೆಯಲ್ಲಿ ಇರಬೇಕು, ಅದೂ ನಂಬಬಹುದಾದ ತಕ್ಕಡಿಯೇ ಇರಬೇಕು. ಚಿಕ್ಕ ಮಕ್ಕಳಿಗೆ ಒರಟಾದ ಸಾಮಾನು ಸಾಕು ಎಂಬ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ. ದೊಡ್ಡವರಾದರೆ ಉಪಕರಣದ ತಪ್ಪನ್ನು ಊಹಿಸಿ ಸರಿಪಡಿಸಿಕೊಳ್ಳುತ್ತಾರೆ. ಮಗು ಕಂಡದ್ದನ್ನೇ ನಂಬುತ್ತದೆ.

ಹಳೆಯ ತಕ್ಕಡಿಯನ್ನು ಬಿಚ್ಚಿ ನೋಡಿದಾಗ ಮೂರು ದೋಷಗಳು ಸಿಕ್ಕವು. ಮೊದಲನೆಯದು, ಬಟ್ಟಲುಗಳನ್ನು ದಂಡದ ಮೇಲೆ ಎರಡೆರಡು ಸ್ಕ್ರೂಗಳಿಂದ ಬಿಗಿದದ್ದು. ಹೀಗೆ ಬಿಗಿದಾಗ ಬಟ್ಟಲಿನ ಹೊರ ಅಂಚಿನಲ್ಲಿಟ್ಟ ಕಾಳು ಒಳ ಅಂಚಿನಲ್ಲಿಟ್ಟ ಕಾಳಿಗಿಂತ ಹೆಚ್ಚು ಭಾರವೆಂದು ತೋರುತ್ತದೆ, ಏಕೆಂದರೆ ಆಧಾರದಿಂದ ಅದರ ದೂರ ಹೆಚ್ಚು. ಎರಡನೆಯದು, ಬಟ್ಟಲುಗಳು ನಡುವಿನ ಬೋಲ್ಟಿಗಿಂತ ಎತ್ತರದಲ್ಲಿದ್ದದ್ದು. ದಂಡದ ತೂಕ ಸುಮಾರು 150 ಗ್ರಾಂ ಇತ್ತು, ಅದರ ಗುರುತ್ವಕೇಂದ್ರ, ಅಂದರೆ ಇಡೀ ತೂಕ ಒಂದೆಡೆ ಕೂಡಿದಂತಿರುವ ಬಿಂದು, ಬೋಲ್ಟಿನಿಂದ ಒಂದೂವರೆ ಸೆಂಟಿಮೀಟರಿನಷ್ಟು ಕೆಳಗಿತ್ತು. ಬಟ್ಟಲಿನಲ್ಲಿ ಹಾಕಿದ ಕಾಳು ಬೋಲ್ಟಿನಿಂದ ಸುಮಾರು ನಾಲ್ಕು ಸೆಂಟಿಮೀಟರ್ ಮೇಲೆ ಕೂರುತ್ತಿತ್ತು. ಪ್ರತಿ ಕಡೆಗೆ 30 ಗ್ರಾಂ ಹಾಕುವಷ್ಟರಲ್ಲಿ ಒಟ್ಟು ಗುರುತ್ವಕೇಂದ್ರ ಬೋಲ್ಟಿನ ಮೇಲೆ ಏರಿಬಿಡುತ್ತದೆ, ಆಮೇಲೆ ದಂಡ ಸಮಸ್ಥಿತಿಗೆ ಮರಳುವುದು ಸಾಧ್ಯವೇ ಇಲ್ಲ. ಆ ಹುಡುಗಿ ಕಂಡದ್ದು ಇದನ್ನೇ. ಮೂರನೆಯದು, ಆರು ಮಿಲಿಮೀಟರ್ ದಪ್ಪದ ಬೋಲ್ಟು ಪ್ಲಾಸ್ಟಿಕ್ ರಂಧ್ರದಲ್ಲಿ ಉಜ್ಜುತ್ತಿದ್ದದ್ದು. ಇದರ ಲೆಕ್ಕವನ್ನು ಮುಂದೆ ಹೇಳುತ್ತೇನೆ.

ತಟ್ಟೆಗಳು ಮೇಲೆಯೇ ಇದ್ದರೂ ನ್ಯಾಯವಾಗಿ ತೂಗುವ ತಕ್ಕಡಿಗಳಿವೆ. ಹಿಂದೆ ಅಂಗಡಿಗಳ ಗಲ್ಲೆಯ ಪಕ್ಕ ಇರುತ್ತಿದ್ದ, ಎರಡು ತಟ್ಟೆಗಳು ದಂಡದ ಮೇಲೆ ಕೂರುವ ತಕ್ಕಡಿ ಅಂಥದ್ದು. ಫ್ರಾನ್ಸಿನ ಗಣಿತಜ್ಞ ರೋಬರ್ವಾಲ್ 1669ರಲ್ಲಿ ತೋರಿಸಿಕೊಟ್ಟ ಆ ರಚನೆಯಲ್ಲಿ ಕೆಳಗೆ ಇನ್ನೊಂದು ಸಮಾನಾಂತರ ದಂಡ ಇರುವುದರಿಂದ ತಟ್ಟೆಗಳು ವಾಲದೆ ನೇರವಾಗಿಯೇ ಮೇಲೆ ಕೆಳಗೆ ಚಲಿಸುತ್ತವೆ, ಸಾಮಾನನ್ನು ತಟ್ಟೆಯ ಯಾವ ಮೂಲೆಯಲ್ಲಿಟ್ಟರೂ ವ್ಯತ್ಯಾಸ ಬರುವುದಿಲ್ಲ. ಅದನ್ನು ಶಾಲೆಯಲ್ಲಿ ಮಾಡುವುದು ಕಷ್ಟ. ಕೀಲುಗಳು ಹೆಚ್ಚಾದಷ್ಟೂ ಘರ್ಷಣೆ ಹೆಚ್ಚುತ್ತದೆ. ತೂಗುಬಿಟ್ಟ ತಟ್ಟೆಗಳ ಹಳೆಯ ವಿನ್ಯಾಸವೇ ನಮಗೆ ತಕ್ಕದ್ದು ಎಂದು ತೀರ್ಮಾನಿಸಿ, ಪ್ಲಾಸ್ಟಿಕ್ ದಂಡವನ್ನು ತೆಗೆದುಹಾಕಿ, ಪೀಠವನ್ನು ಮಾತ್ರ ಉಳಿಸಿಕೊಂಡೆ.

ಹೊಸ ದಂಡಕ್ಕೆ ಊರಿನ ಬಡಿಗೇರ ಅಣ್ಣನವರ ಕಾರ್ಖಾನೆಯಲ್ಲಿ ಚೌಕಟ್ಟು ಮಾಡಿ ಉಳಿದ ಸಾಗವಾನಿ ಪಟ್ಟಿಯೊಂದು ಸಿಕ್ಕಿತು. ಅದನ್ನು 50 ಸೆಂಟಿಮೀಟರ್ ಉದ್ದ, 3 ಸೆಂಟಿಮೀಟರ್ ಎತ್ತರ, 8 ಮಿಲಿಮೀಟರ್ ದಪ್ಪಕ್ಕೆ ಹೆರೆದು ಕೊಟ್ಟರು. ತೂಕ 78 ಗ್ರಾಂ ಬಂತು. ಪಟ್ಟಿಯನ್ನು ಅಡ್ಡವಾಗಿ ಮಲಗಿಸದೆ ಎತ್ತರ ಮೇಲಾಗುವಂತೆ ನಿಲ್ಲಿಸಿ ಬಳಸಬೇಕು, ಹಾಗಾದರೆ ಮಾತ್ರ ಭಾರಕ್ಕೆ ಬಾಗುವುದಿಲ್ಲ. “ತೂತ ಎಲ್ಲಿ ಹೊಡೀಲಿ ಅಕ್ಕೋರ, ನಡಬರಕೇನು?” ಎಂದು ಅವರು ಕೇಳಿದರು. ಇಡೀ ಕೆಲಸದ ಜೀವ ಈ ಪ್ರಶ್ನೆಯಲ್ಲಿಯೇ ಇದೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು.

ದಂಡಕ್ಕೆ ಮೂರು ರಂಧ್ರಗಳು ಬೇಕು: ನಡುವೆ ಆಧಾರದ ಪಿನ್ನಿಗೆ ಒಂದು, ಎರಡು ತುದಿಗಳಲ್ಲಿ ತಟ್ಟೆ ತೂಗುಹಾಕಲು ಒಂದೊಂದು. ಈ ಮೂರೂ ಒಂದೇ ನೇರ ಗೆರೆಯ ಮೇಲಿದ್ದರೆ, ತಟ್ಟೆಗಳಲ್ಲಿ ಎಷ್ಟೇ ಭಾರ ಹಾಕಿದರೂ ಆ ಭಾರ ದಂಡವನ್ನು ಬೀಳಿಸುವುದೂ ಇಲ್ಲ, ತಡೆಯುವುದೂ ಇಲ್ಲ. ದಂಡವನ್ನು ಸಮಸ್ಥಿತಿಗೆ ಮರಳಿಸುವ ಕೆಲಸವನ್ನು ಪಿನ್ನಿನ ಕೆಳಗಿರುವ ದಂಡದ ಸ್ವಂತ ತೂಕವೇ ಮಾಡುತ್ತದೆ. ಹಾಗಾಗಿ 10 ಗ್ರಾಂ ತೂಗುವಾಗಲೂ 100 ಗ್ರಾಂ ತೂಗುವಾಗಲೂ ಒಂದು ಗ್ರಾಂ ವ್ಯತ್ಯಾಸಕ್ಕೆ ದಂಡ ಒಂದೇ ಪ್ರಮಾಣದಲ್ಲಿ ವಾಲುತ್ತದೆ. ನಡುವಿನ ರಂಧ್ರ ತುದಿಗಳ ಗೆರೆಗಿಂತ ಒಂದು ಸೆಂಟಿಮೀಟರ್ ಮೇಲಿದ್ದರೆ, ನಮ್ಮ ದಂಡದ ಅಳತೆಯಲ್ಲಿ, ಪ್ರತಿ ತಟ್ಟೆಯಲ್ಲಿ 100 ಗ್ರಾಂ ಇರುವಾಗ ವಾಲುವಿಕೆ ಅರ್ಧದಷ್ಟಕ್ಕೆ ಇಳಿದು ತಕ್ಕಡಿ ಮಂಕಾಗುತ್ತದೆ. ಅಷ್ಟೇ ಕೆಳಗಿದ್ದರೆ 100 ಗ್ರಾಂ ಹಾಕುವ ಮೊದಲೇ ದಂಡ ಮಗುಚಿ, ಹಳೆಯ ಪ್ಲಾಸ್ಟಿಕ್ ತಕ್ಕಡಿಯ ರೋಗವೇ ಮರುಕಳಿಸುತ್ತದೆ. ಒಂದು ಸೆಂಟಿಮೀಟರಿನ ಅಂತರ ಒಂದು ತಕ್ಕಡಿಯನ್ನು ಸಾಕ್ಷಿಯನ್ನಾಗಿಯೂ ಸುಳ್ಳುಗಾರನನ್ನಾಗಿಯೂ ಮಾಡಬಲ್ಲದು.

ಆದ್ದರಿಂದ ಪಟ್ಟಿಯ ಮೇಲಂಚಿನಿಂದ 5 ಮಿಲಿಮೀಟರ್ ಕೆಳಗೆ ಸುಣ್ಣದ ಪುಡಿ ಹಚ್ಚಿದ ದಾರವನ್ನು ಬಿಗಿದು ಒಂದೇ ಗೆರೆ ಎಳೆದೆವು. ಆ ಗೆರೆಯ ಮೇಲೆ ನಡುವಿನ ಬಿಂದುವನ್ನು ಗುರುತಿಸಿ, ಅಲ್ಲಿಂದ ಎರಡೂ ಕಡೆಗೆ 24 ಸೆಂಟಿಮೀಟರನ್ನು ಅಳತೆಪಟ್ಟಿಯಿಂದಲ್ಲ, ಕೈವಾರದಿಂದ ಗುರುತಿಸಿದೆವು. ಕೈವಾರದ ಬಾಯಿ ಒಮ್ಮೆ ತೆರೆದದ್ದು ಎರಡೂ ಕಡೆಗೆ ಒಂದೇ ಆಗಿರುತ್ತದೆ. ಅದು 24 ಸೆಂಟಿಮೀಟರೇ ಆಗಿರಬೇಕೆಂದಿಲ್ಲ, ಎರಡೂ ತೋಳುಗಳು ಸಮವಾಗಿದ್ದರೆ ಸಾಕು. ತೋಳುಗಳಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸ ಉಳಿದರೂ 100 ಗ್ರಾಮಿಗೆ 0.4 ಗ್ರಾಮಿನಷ್ಟು ತಪ್ಪು ಬರುತ್ತದೆ. ರಂಧ್ರಗಳನ್ನು 2 ಮಿಲಿಮೀಟರ್ ಬಿಟ್‌ನಿಂದ, ಪಟ್ಟಿಯನ್ನು ಮಂಚದ ಮೇಲೆ ಬಿಗಿಹಿಡಿದು, ನೆಟ್ಟಗೆ ಕೊರೆದರು. ಕೊರೆತ ಓರೆಯಾದರೆ ದಂಡ ಪೀಠದ ಕಂಬಕ್ಕೆ ತಾಗುತ್ತದೆ.

ನಡುವಿನ ಪಿನ್ನಿಗೆ ಗೋಣಿಚೀಲ ಹೊಲಿಯುವ ದಬ್ಬಳಕ್ಕಿಂತ ಒಳ್ಳೆಯ ವಸ್ತು ನಮ್ಮ ಊರಿನಲ್ಲಿ ಸಿಗುವುದಿಲ್ಲ. ಅದರ ಉಕ್ಕು ಗಟ್ಟಿ, ಮೈ ನುಣುಪು, ದಪ್ಪ 2 ಮಿಲಿಮೀಟರ್. ಚೂಪಾದ ತುದಿಯನ್ನು ಕತ್ತರಿಸಿ, ಎರಡೂ ಕೊನೆಗಳನ್ನು ಅರದಿಂದ ಉಜ್ಜಿ ಮೊಂಡಾಗಿಸಿ, ದಂಡದ ರಂಧ್ರದಲ್ಲಿ ಅಲುಗಾಡದಂತೆ ಕೂರಿಸಲಾಯಿತು. ಪೀಠದ ಮೇಲೆ ಎರಡು ಮರದ ಕಂಬಗಳನ್ನು ನಿಲ್ಲಿಸಿ, ಅವುಗಳ ತಲೆಗೆ ತಗಡಿನ ತುಂಡುಗಳನ್ನು ಮೊಳೆ ಹೊಡೆದು, ತಗಡಿನಲ್ಲಿ ದಬ್ಬಳ ಕೂರಲು ಆಳವಿಲ್ಲದ ಕಚ್ಚು ಮಾಡಲಾಯಿತು. ಘರ್ಷಣೆ ದಂಡವನ್ನು ತಡೆಯುವ ಬಲ ಪಿನ್ನಿನ ತ್ರಿಜ್ಯಕ್ಕೆ ಅನುಗುಣವಾಗಿರುತ್ತದೆ. ಹಳೆಯ ಬೋಲ್ಟಿನ ತ್ರಿಜ್ಯ 3 ಮಿಲಿಮೀಟರ್. ಅಂದಾಜು ಲೆಕ್ಕದಲ್ಲಿ, 100 ಗ್ರಾಂ ತೂಗುವಾಗ ಒಂದೂವರೆ ಗ್ರಾಮಿನ ವ್ಯತ್ಯಾಸವನ್ನೂ ಅದು ನುಂಗಿಬಿಡುತ್ತಿತ್ತು. ದಬ್ಬಳದ ತ್ರಿಜ್ಯ ಒಂದೇ ಮಿಲಿಮೀಟರ್. ಹೊಸ ತಕ್ಕಡಿ ಕಾಲು ಗ್ರಾಮಿನ ಆಸುಪಾಸಿನವರೆಗೆ ವ್ಯತ್ಯಾಸವನ್ನು ತೋರಿಸುತ್ತದೆ. ಎಣ್ಣೆ ಹಾಕಬಾರದು, ಧೂಳು ಅಂಟಿ ಮೊದಲಿಗಿಂತ ಕೆಡುತ್ತದೆ.

ತುದಿಯ ರಂಧ್ರಗಳಿಗೆ ಸೈಕಲ್ ಚಕ್ರದ ಕಡ್ಡಿಯ ತುಂಡುಗಳನ್ನು ಹಾಕಿ, ಅವುಗಳಿಂದ ಡಬ್ಬಿಯ ಮುಚ್ಚಳಗಳೆರಡನ್ನು ಮೂರು ಮೂರು ನೈಲಾನ್ ದಾರಗಳಲ್ಲಿ ತೂಗುಬಿಟ್ಟೆ. ಹತ್ತಿಯ ದಾರ ಮಳೆಗಾಲದಲ್ಲಿ ತೇವ ಹೀರುತ್ತದೆ, ಬೇಡ. ದಾರಗಳು ಮೇಲೆ ಒಂದೇ ಬಿಂದುವಿನಲ್ಲಿ ಸೇರಬೇಕು. ಆಗ ತಟ್ಟೆ ಸ್ವತಂತ್ರವಾಗಿ ತೂಗಾಡಿ, ಅದರೊಳಗಿನ ಭಾರ ಎಲ್ಲಿದ್ದರೂ ಪಿನ್ನಿನ ನೇರ ಕೆಳಗೆ ಬಂದು ನಿಲ್ಲುತ್ತದೆ.

ಇನ್ನು ಮುಳ್ಳು. ದಂಡದ ನಡುವಿನಿಂದ ಕೆಳಮುಖವಾಗಿ 25 ಸೆಂಟಿಮೀಟರಿನ ಕಸಬರಿಗೆ ಕಡ್ಡಿಯನ್ನು ಕಟ್ಟಿ, ಅದರ ಹಿಂದೆ ಸಣ್ಣ ತಿರುಪು ಸಲಾಕೆಯೊಂದನ್ನು ಇಳಿಬಿಟ್ಟು, ಅದಕ್ಕೆ 15 ಗ್ರಾಮಿನ ನಟ್ ತೊಡಿಸಿದೆ. ನಟ್ಟನ್ನು ಪಿನ್ನಿನಿಂದ 2 ಸೆಂಟಿಮೀಟರ್ ಕೆಳಗೆ ಇಟ್ಟರೆ ದಂಡದ ಗುರುತ್ವಕೇಂದ್ರ ಸುಮಾರು 1.2 ಸೆಂಟಿಮೀಟರ್ ಕೆಳಗೆ ಇರುತ್ತದೆ. 7 ಸೆಂಟಿಮೀಟರಿಗೆ ಇಳಿಸಿದರೆ ಸುಮಾರು 2 ಸೆಂಟಿಮೀಟರ್ ಆಗುತ್ತದೆ. ನಟ್ಟು ಮೇಲಿದ್ದಾಗ ತಕ್ಕಡಿ ಬಹಳ ಸೂಕ್ಷ್ಮ, ಆದರೆ ನಿಧಾನ: 100 ಗ್ರಾಂ ಭಾರದಲ್ಲಿ ಒಂದು ತೂಗಾಟ ಮುಗಿಯಲು ಏಳೆಂಟು ಸೆಕೆಂಡು ಬೇಕಾಗುತ್ತದೆ, ಅಷ್ಟರಲ್ಲಿ ಮಕ್ಕಳ ಕೈ ತಟ್ಟೆಗೆ ಹೋಗಿಬಿಡುತ್ತದೆ. ಕೆಳಗಿಳಿಸಿದರೆ ತೂಗಾಟಕ್ಕೆ ಸುಮಾರು ಆರು ಸೆಕೆಂಡು, ಒಂದು ಗ್ರಾಮಿಗೆ ಏಳು ಡಿಗ್ರಿಯಷ್ಟು ವಾಲುವಿಕೆ. ಮುಳ್ಳಿನ ತುದಿ ಮೂರು ಸೆಂಟಿಮೀಟರ್ ಸರಿಯುತ್ತದೆ. ಒಂದನೆಯ ತರಗತಿಯ ಮಗು ಚಾಪೆಯ ಆಚೆ ಬದಿಯಲ್ಲಿ ಕುಳಿತು ನೋಡಲು ಇಷ್ಟು ಧಾರಾಳ. ನಾನು ನಟ್ಟನ್ನು ಕೆಳಗೇ ಇಟ್ಟಿದ್ದೇನೆ.

ಕೊನೆಯ ಹೊಂದಾಣಿಕೆಗಾಗಿ ಒಂದು ತೋಳಿಗೆ ತಾಮ್ರದ ತಂತಿಯನ್ನು ಸಡಿಲವಾಗಿ ಸುತ್ತಿದ್ದು, ಅದನ್ನು ಅತ್ತಿತ್ತ ಸರಿಸಿದರೆ ಖಾಲಿ ದಂಡ ಸಮವಾಗುತ್ತದೆ. ಆದರೆ ಖಾಲಿ ದಂಡ ಸಮವಾದ ಮಾತ್ರಕ್ಕೆ ತಕ್ಕಡಿ ಸರಿಯಿದೆ ಎನ್ನುವಂತಿಲ್ಲ. ತೋಳುಗಳು ಅಸಮವಾಗಿದ್ದರೂ ಖಾಲಿ ದಂಡವನ್ನು ಸಮ ನಿಲ್ಲಿಸಬಹುದು, ಮೋಸದ ತಕ್ಕಡಿಯ ಗುಟ್ಟೇ ಅದು. ಪರೀಕ್ಷೆ ಒಂದೇ: ಎರಡು ಕಡೆ ತೂಗಿ ಸಮ ಮಾಡಿ, ನಂತರ ತಟ್ಟೆಯೊಳಗಿನ ಸಾಮಾನನ್ನು ಅದಲು ಬದಲು ಮಾಡಬೇಕು. ಆಗಲೂ ಮುಳ್ಳು ನಡುವೆಯೇ ನಿಂತರೆ ತೋಳುಗಳು ಸಮ. ಈ ಪರೀಕ್ಷೆಯನ್ನು ನಾನು ಮಕ್ಕಳಿಂದಲೇ ಮಾಡಿಸುತ್ತೇನೆ. ತಕ್ಕಡಿಯನ್ನೇ ಪ್ರಶ್ನಿಸಬಹುದು, ಪ್ರಶ್ನಿಸಿ ಅದರ ಉತ್ತರ ಪಡೆಯಬಹುದು ಎಂಬುದು ಏಳು ವರ್ಷದವರಿಗೆ ಪೂರ್ತಿ ಅರ್ಥವಾಗುವ ವಿಷಯ.

ತೂಕದ ಬಟ್ಟುಗಳನ್ನು ಕೊಳ್ಳಲಿಲ್ಲ. ಒಂದು ಮಿಲಿಲೀಟರ್ ನೀರಿನ ತೂಕ ಒಂದು ಗ್ರಾಂ. ನಮ್ಮ ಬೇಸಿಗೆಯ ಬಿಸಿಯಲ್ಲಿಯೂ ಅದರಲ್ಲಿ ಬರುವ ವ್ಯತ್ಯಾಸ ಶೇಕಡಾ ಒಂದಕ್ಕಿಂತ ಕಡಿಮೆ. ಔಷಧಿ ಅಂಗಡಿಯ 10 ಮಿಲಿಲೀಟರ್ ಸಿರಿಂಜನ್ನು ಸೂಜಿ ಇಲ್ಲದೆ ತಂದು, ಎರಡೂ ತಟ್ಟೆಗಳಲ್ಲಿ ಒಂದೇ ತೂಕದ ಲೋಟಗಳನ್ನಿಟ್ಟು, ಒಂದಕ್ಕೆ ಅಳೆದ ನೀರನ್ನು ಹಾಕಿ, ಇನ್ನೊಂದರೊಳಗೆ ಪುಟ್ಟ ಮುಚ್ಚಳದ ಬಾಟಲಿಯನ್ನಿಟ್ಟು ಸಮವಾಗುವವರೆಗೆ ಮರಳು ತುಂಬಿದೆ. ಹೀಗೆ 20, 50 ಮತ್ತು 100 ಗ್ರಾಮಿನ ಬಾಟಲಿಗಳಾದವು. ಬಾಟಲಿಯ ತೂಕವೂ ಅದರಲ್ಲಿಯೇ ಸೇರಿದೆ. 10 ಗ್ರಾಂ ಮತ್ತು ಅದಕ್ಕಿಂತ ಚಿಕ್ಕವು ತಾಮ್ರದ ತಂತಿಯ ಸುರುಳಿಗಳು. ಬ್ಯಾಡಗಿಯ ಅಕ್ಕಸಾಲಿಗರೊಬ್ಬರ ಎಲೆಕ್ಟ್ರಾನಿಕ್ ಕಾಟಾದಲ್ಲಿ ಇವನ್ನು ಪರೀಕ್ಷಿಸಿದಾಗ 50 ಗ್ರಾಮಿನ ಬಾಟಲಿಯ ತಪ್ಪು ಅರ್ಧ ಗ್ರಾಮಿನೊಳಗೇ ಇತ್ತು.

ತರಗತಿಯಲ್ಲಿ ಗ್ರಾಂ ಎಂಬ ಮಾತನ್ನು ಮೊದಲಿಗೆ ಎತ್ತಲಿಲ್ಲ. ಅಕ್ಕಸಾಲಿಗರು ಹಿಂದೆ ಗುಲಗಂಜಿಯಿಂದ ಬಂಗಾರ ತೂಗುತ್ತಿದ್ದುದನ್ನು ಕೇಳಿದ ಮಕ್ಕಳು ಅದನ್ನೇ ತರುತ್ತೇವೆಂದರು, ನಾನು ಖಂಡಿತ ಬೇಡವೆಂದೆ. ಗುಲಗಂಜಿ ಬೀಜದಲ್ಲಿರುವ ಅಬ್ರಿನ್ ತೀವ್ರ ವಿಷ, ಬೀಜವನ್ನು ಅಗಿದು ನುಂಗಿದರೆ ಪ್ರಾಣಕ್ಕೆ ಅಪಾಯ. ಚಿಕ್ಕ ಮಕ್ಕಳ ಕೋಣೆಗೆ ಅದು ಬರಕೂಡದು. ಬದಲಿಗೆ ಹುಣಸೆ ಬೀಜ ಬಂದವು. ಒಂದು ಲಿಂಬೆಹಣ್ಣಿಗೆ ಒಂದು ಗುಂಪಿನವರು ಹಾಕಿದ ಬೀಜಗಳ ಎಣಿಕೆ ಇನ್ನೊಂದು ಗುಂಪಿನವರ ಎಣಿಕೆಗೆ ತಾಳೆಯಾಗಲಿಲ್ಲ. ಯಾರದ್ದು ಸರಿ ಎಂದು ವಾದ ಹತ್ತಿತು; ಮೂರನೆಯ ತರಗತಿಯ ಹುಡುಗನೊಬ್ಬ ಎರಡು ಬೀಜಗಳನ್ನು ಎರಡು ತಟ್ಟೆಗಳಲ್ಲಿಟ್ಟು ಅವೇ ಸಮವಿಲ್ಲವೆಂದು ತೋರಿಸಿದ. ಎಲ್ಲರಿಗೂ ಒಂದೇ ಆದ ಬಟ್ಟು ಏಕೆ ಬೇಕು ಎಂಬುದನ್ನು ನಾನು ಹೇಳುವ ಅಗತ್ಯವೇ ಬೀಳಲಿಲ್ಲ.

ನಾಣ್ಯಗಳಿಂದಲೂ ಒಳ್ಳೆಯ ಪಾಠ ದೊರೆಯುತ್ತದೆ. 2011ರ ಸರಣಿಯ ಒಂದು ರೂಪಾಯಿಯ ತೂಕ 3.79 ಗ್ರಾಂ, 2019ರ ಸರಣಿಯದ್ದು 3.09 ಗ್ರಾಂ. ಎರಡೂ ಒಂದೇ ರೂಪಾಯಿ, ಎರಡಕ್ಕೂ ಅಂಗಡಿಯಲ್ಲಿ ಸಿಗುವ ಪೆಪ್ಪರಮಿಂಟು ಒಂದೇ, ಆದರೆ ಮುಳ್ಳು ಎರಡು ಸೆಂಟಿಮೀಟರಿಗಿಂತ ಹೆಚ್ಚು ಸರಿಯುತ್ತದೆ. ಬೆಲೆಯೂ ತೂಕವೂ ಬೇರೆ ಬೇರೆ ಎಂಬುದು ಈ ವಯಸ್ಸಿಗೆ ದೊಡ್ಡ ಸಂಗತಿ.

ಎಲ್ಲಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡದ್ದು ಗಾತ್ರ ಮತ್ತು ತೂಕದ ಗೊಂದಲ. “ದೊಡ್ಡದೈತಿ, ಅದಕ್ಕ ವಜ್ಜ ಐತಿ” ಎಂಬುದು ಬಹುತೇಕ ಎಲ್ಲ ಮಕ್ಕಳ ಮೊದಲ ಉತ್ತರ. ಬ್ಯಾಡಗಿ ಮೆಣಸಿನಕಾಯಿ ಇದಕ್ಕೆ ಹೇಳಿ ಮಾಡಿಸಿದ ವಸ್ತು: ಒಣಗಿ ಸುಕ್ಕಾದ, ಒಳಗೆ ಪೊಳ್ಳಾದ ಈ ಕಾಯಿ ಒಂದು ಹಿಡಿಯಷ್ಟಿದ್ದರೂ ಒಂದು ಸಣ್ಣ ಬೆಣಚುಕಲ್ಲಿಗೆ ಸಮನಾಗುವುದಿಲ್ಲ. ಮಕ್ಕಳು ಮೊದಲು ಎರಡೂ ಕೈಗಳಲ್ಲಿ ಹಿಡಿದು ಊಹೆ ಹೇಳಬೇಕು, ಊಹೆಯನ್ನು ಸ್ಲೇಟಿನ ಮೇಲೆ ಚಿತ್ರವಾಗಿ ಬರೆಯಬೇಕು, ಆಮೇಲೆಯೇ ತಕ್ಕಡಿ. ಈ ಕ್ರಮವನ್ನು ನಾನು ಎಂದೂ ಬಿಡುವುದಿಲ್ಲ, ಏಕೆಂದರೆ ಊಹಿಸದೆ ತೂಗಿದ ಮಗುವಿಗೆ ತಕ್ಕಡಿಯ ಉತ್ತರ ಆಶ್ಚರ್ಯ ಹುಟ್ಟಿಸುವುದಿಲ್ಲ.

ಮುಂದಿನ ಹಂತದಲ್ಲಿ ಎರೆಮಣ್ಣಿನ ಎರಡು ಉಂಡೆಗಳನ್ನು ತಕ್ಕಡಿಯಲ್ಲಿ ಸಮ ಮಾಡಿ, ಒಂದನ್ನು ಎಲ್ಲರ ಕಣ್ಣೆದುರೇ ರೊಟ್ಟಿಯಾಗಿ ತಟ್ಟಿದೆವು. ಯಾವುದು ಭಾರ ಎಂದು ಕೇಳಿದರೆ ಹೆಚ್ಚಿನವರು ರೊಟ್ಟಿ ಎಂದರು, ಕೆಲವರು ಉಂಡೆ ಎಂದರು, ಇಬ್ಬರೋ ಮೂವರೋ ಸಮ ಎಂದರು. ಮಕ್ಕಳ ಆಲೋಚನೆಯನ್ನು ದೀರ್ಘಕಾಲ ಅಧ್ಯಯನ ಮಾಡಿದ ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ, ಆಕಾರ ಬದಲಾದರೂ ತೂಕ ಬದಲಾಗದು ಎಂಬ ಅರಿವು ಒಂಬತ್ತು-ಹತ್ತರ ವಯಸ್ಸಿನ ಹೊತ್ತಿಗೆ ಗಟ್ಟಿಯಾಗುತ್ತದೆ ಎಂದು ಹೇಳಿದ್ದಾರೆ. ಆದ್ದರಿಂದ ಆರು ವರ್ಷದ ಮಗು ತಕ್ಕಡಿ ಸಮ ನಿಂತದ್ದನ್ನು ಕಂಡ ಮೇಲೂ ಮರುದಿನ ರೊಟ್ಟಿಯೇ ಭಾರ ಎಂದರೆ ಅದನ್ನು ತಿದ್ದಲು ನಾನು ಅವಸರಪಡುವುದಿಲ್ಲ. ಮತ್ತೆ ತೂಗಲು ಬಿಡುತ್ತೇನೆ. ಇಲ್ಲಿಯೇ ಹಳೆಯ ತಕ್ಕಡಿ ಇದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ಯೋಚಿಸಬೇಕು: ರೊಟ್ಟಿ ಬಟ್ಟಲಿನ ಹೊರಬದಿಗೆ ಹೆಚ್ಚು ಚಾಚಿಕೊಂಡಿದ್ದರೆ, ರೊಟ್ಟಿಯೇ ಭಾರ ಎಂದು ಅದು ಸಾಕ್ಷಿ ಹೇಳುತ್ತಿತ್ತು.

ನಾಗರ ಪಂಚಮಿಯ ಹೊತ್ತಿಗೆ ಜೋಳದ ಅರಳು ಹುರಿಯುವ ಮನೆಗಳಿಂದ ಮಕ್ಕಳು ಅರಳು ತಂದಾಗ ಇನ್ನೊಂದು ಪ್ರಯೋಗ ಸಾಧ್ಯವಾಯಿತು. ಶಾಲೆಯ ಅಡುಗೆಯಕ್ಕನವರು 50 ಗ್ರಾಂ ಜೋಳವನ್ನು ನಮ್ಮೆದುರು ಮುಚ್ಚಿದ ಬಾಣಲೆಯಲ್ಲಿ ಹುರಿದುಕೊಟ್ಟರು. ಅರಳು ಎರಡು ಬಟ್ಟಲು ತುಂಬಿ ಚೆಲ್ಲುವಷ್ಟಾಯಿತು, ಅರಳದೆ ಉಳಿದ ಕಾಳನ್ನೂ ಸೇರಿಸಿ ತೂಗಿದರೂ ಮುಳ್ಳು ಬಟ್ಟಿನ ಕಡೆಗೇ ವಾಲಿತು. ಹೆಚ್ಚಾದದ್ದು ಗಾತ್ರ, ಕಡಿಮೆಯಾದದ್ದು ತೂಕ. “ಎಲ್ಲಿ ಹೋತ್ರಿ ಅಕ್ಕೋರ?” ಎಂಬ ಪ್ರಶ್ನೆ ತಾನಾಗಿಯೇ ಬಂತು. ಬಾಣಲೆಯ ಮುಚ್ಚಳದ ಒಳಗೆ ಕಟ್ಟಿದ್ದ ನೀರಿನ ಹನಿಗಳನ್ನು ತೋರಿಸಿದೆ: ಕಾಳಿನೊಳಗಿನ ನೀರು ಆವಿಯಾಗಿ, ಆ ಆವಿಯ ಒತ್ತಡದಿಂದಲೇ ಕಾಳು ಒಡೆದು ಅರಳಿತ್ತು. ಇದಕ್ಕೆ ಪ್ರತಿಯಾಗಿ ರಾತ್ರಿ ನೆನೆಹಾಕಿದ ಕಡಲೆಯ ತೂಕ ಬೆಳಗಿನಲ್ಲಿ ಹೆಚ್ಚಾಗಿರುವುದನ್ನು ತೋರಿಸಿದಾಗ, ನೀರು ಒಳಹೋದದ್ದನ್ನು ಅವರೇ ಹೇಳಿದರು.

ಬಳಸುವವರಿಗೆ ಕೆಲವು ಮಾತುಗಳು ಉಳಿದಿವೆ. ತೂಗುವಾಗ ಫ್ಯಾನ್ ನಿಲ್ಲಿಸಬೇಕು. ತಟ್ಟೆಗಳು ಗಾಳಿಗೆ ತೂಗಾಡಿದರೆ ಮುಳ್ಳು ನಿಲ್ಲುವುದಿಲ್ಲ. ಮುಂಗಾರಿನಲ್ಲಿ ಸಾಗವಾನಿಯೂ ಸ್ವಲ್ಪ ತೇವ ಹೀರುವುದರಿಂದ ತಾಮ್ರದ ತಂತಿಯನ್ನು ವಾರಕ್ಕೊಮ್ಮೆ ಸರಿಸಬೇಕಾಗುತ್ತದೆ. ತಗಡಿನ ಕಚ್ಚು ಸವೆದು ಆಳವಾದರೆ ತಗಡನ್ನೇ ಬದಲಿಸಬೇಕು. ಎರಡು ತಟ್ಟೆಗಳ ಕೆಳಗೂ ಮೂರು ಸೆಂಟಿಮೀಟರ್ ಬಿಟ್ಟು ಮೆತ್ತನೆಯ ಬಟ್ಟೆಯ ದಿಂಬು ಇಟ್ಟಿದ್ದೇನೆ, ಮಕ್ಕಳು ಕಲ್ಲನ್ನು ಒಮ್ಮೆಲೇ ಹಾಕಿದರೂ ದಬ್ಬಳ ಕಚ್ಚಿನಿಂದ ಹಾರುವುದಿಲ್ಲ. ಬಡಿಗೇರ ಅಣ್ಣನವರು ಈಗ ಇನ್ನೊಂದು ದಂಡವನ್ನು ಹೆರೆಯುತ್ತಿದ್ದಾರೆ. ಅದಕ್ಕೆ ಒಂದೇ ಗೆರೆಯ ರಂಧ್ರಗಳ ಜೊತೆಗೆ, ಐದನೆಯ ತರಗತಿಯವರಿಗೆ ತೋರಿಸಲೆಂದೇ, ನಡುವಿನಲ್ಲಿ ಒಂದು ಸೆಂಟಿಮೀಟರ್ ಕೆಳಗೆ ಇನ್ನೊಂದು ರಂಧ್ರವನ್ನೂ ಕೊರೆಯಲು ಹೇಳಿದ್ದೇನೆ. ದಬ್ಬಳವನ್ನು ಕೆಳಗಿನ ರಂಧ್ರಕ್ಕೆ ಬದಲಿಸಿ, ಗ್ರಾಂ ಗ್ರಾಂ ಆಗಿ ಭಾರ ಏರಿಸುತ್ತಾ, ಎಷ್ಟಕ್ಕೆ ದಂಡ ಮಗುಚುತ್ತದೆ ಎಂಬುದನ್ನು ಅವರೇ ಅಳೆಯಲಿದ್ದಾರೆ.